ಸಂಜೆ ಪಾಳಿಯ ಪೆಟ್ರೋಲು

ನಮ್ಮ ಮನೆಯವರು ಯಾರನ್ನೂ ನಂಬುವುದಿಲ್ಲ. ಇದು ದೂರಲ್ಲ, ಅವರ ಗುಣ. ಕೆಲವರಿಗೆ ಬೋಳು ತಲೆ ಇರುತ್ತದೆ, ಕೆಲವರಿಗೆ ಗೊರಕೆ ಇರುತ್ತದೆ, ಇವರಿಗೆ ಅನುಮಾನ ಇದೆ. ಗ್ಯಾಸ್ ಸಿಲಿಂಡರು ಬಂದರೆ ತಂದವನ ಎದುರಿಗೇ ಅಲ್ಲಾಡಿಸಿ ನೋಡುತ್ತಾರೆ. ಒಂದು ಅಂಗಡಿಯಲ್ಲಿ ಕೊಂಡ ಈರುಳ್ಳಿಯನ್ನು ಪಕ್ಕದ ಅಂಗಡಿಯ ತಕ್ಕಡಿಯಲ್ಲಿ ತೂಗಿಸುತ್ತಾರೆ. ಮದುವೆಗೆ ಮುಂಚೆ ನನ್ನ ವಯಸ್ಸು ನನ್ನನ್ನೇ ಕೇಳಿದರು, ಆಮೇಲೆ ನನ್ನ ತಮ್ಮನ ವಯಸ್ಸು ತಮ್ಮನನ್ನು ಕೇಳಿದರು, ಅವನು ನನಗಿಂತ ಎಷ್ಟು ಚಿಕ್ಕವನೆಂದು ನಮ್ಮಮ್ಮನನ್ನು ಬೇರೆಯಾಗಿ ಕೇಳಿದರು. ಲೆಕ್ಕ ತಾಳೆಯಾದ ಮೇಲೆಯೇ ಹೂಂ ಅಂದಿದ್ದು.

ಅವರು ಟ್ಯಾಕ್ಸಿ ಓಡಿಸುತ್ತಾರೆ. ಸ್ಟ್ಯಾಂಡಿನಲ್ಲಿ ಎಲ್ಲರೂ ಅವರನ್ನು ಇನ್‌ಸ್ಪೆಕ್ಟರ್ ಎಂದೇ ಕರೆಯುವುದು. ಕಾರು ಹಳೆಯದು, ಅರ್ಧ ಅವರದು, ಅರ್ಧ ನನ್ನ ತಮ್ಮನದು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಇವರ ಪಾಳಿ, ಆಮೇಲೆ ಬೀದಿ ಖಾಲಿಯಾಗುವವರೆಗೆ ತಮ್ಮನ ಪಾಳಿ. ಪಾಳಿ ಮುಗಿಸಿದವನು ಬಂಕಿಗೆ ಹೋಗಿ ಟ್ಯಾಂಕಿನ ಕುತ್ತಿಗೆಯವರೆಗೆ ಪೆಟ್ರೋಲು ತುಂಬಿಸಿಯೇ ಕಾರನ್ನು ಇನ್ನೊಬ್ಬನಿಗೆ ಒಪ್ಪಿಸಬೇಕು ಎಂಬುದು ಅವರಿಬ್ಬರ ಕಟ್ಟಳೆ. ಖರ್ಚು ಮಾತ್ರ ಇಬ್ಬರದೂ ಸೇರಿದ ಡಬ್ಬಿಯಿಂದ. ಹಾಗಾಗಿ ಯಾರ ಪಾಳಿ ಎಷ್ಟು ಕುಡಿಯಿತು ಎನ್ನುವುದು ಬಂಕಿನಲ್ಲೇ ಬಯಲಾಗುತ್ತಿತ್ತು.

ಒಂದು ದಿನ ಹಿಂದಿನ ಸೀಟಿನಲ್ಲಿ ಕುಳಿತ ಪ್ರಯಾಣಿಕನೊಬ್ಬ, ರೇಡಿಯೋ ಕೂಡ ನಿಮ್ಮ ಪೆಟ್ರೋಲನ್ನೇ ತಿನ್ನುವುದು ಎಂದನಂತೆ. ಇವರು ನಕ್ಕು, ರೇಡಿಯೋ ಬ್ಯಾಟರಿಯಿಂದ ಹಾಡುತ್ತದೆ ಎಂದರು. ಬ್ಯಾಟರಿ ತುಂಬಿಸುವವರು ಯಾರು ಎಂದು ಅವನು ಕೇಳಿದ. ಎಂಜಿನ್ನಿನ ಮಗ್ಗುಲಿಗೆ ಆಲ್ಟರ್ನೇಟರ್ ಅಂತ ಒಂದಿದೆ, ಬೆಲ್ಟಿನಿಂದ ಎಂಜಿನ್ನೇ ಅದನ್ನು ತಿರುಗಿಸುತ್ತದೆ, ಕರೆಂಟು ಮಾಡುವುದು ಅದೇ. ದೀಪ, ಫ್ಯಾನು, ರೇಡಿಯೋ ಹಾಕಿದಷ್ಟೂ ಅದು ಭಾರವಾಗುತ್ತದೆ, ಅದು ಭಾರವಾದಷ್ಟೂ ಎಂಜಿನ್ನು ಜಾಸ್ತಿ ಕುಡಿಯುತ್ತದೆ ಎಂದು ವಿವರಿಸಿ ಇಳಿದುಹೋದ. ಆ ಪುಣ್ಯಾತ್ಮ ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

"ಕಳ್ಳ ಬಾನೆಟ್ ಒಳಗೇ ಇದ್ದಾನೆ ಕಣೆ!" ಎನ್ನುತ್ತಲೇ ಮನೆಗೆ ಬಂದರು. ಇಷ್ಟು ವರ್ಷ ಬಂಕಿನವನನ್ನು, ಮೆಕ್ಯಾನಿಕ್ಕನನ್ನು, ಬೀದಿ ಹುಡುಗರನ್ನು ಕಾದು ಕೂತಿದ್ದಾಯಿತು, ಇವನು ಒಳಗೇ ಕೂತು ಕುಡಿಯುತ್ತಿದ್ದಾನಲ್ಲ ಎಂದು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಮರುದಿನದಿಂದ ರೇಡಿಯೋ ಬಂದ್. ಫ್ಯಾನು ಬಂದ್. ಒಳಗಿನ ಪುಟ್ಟ ದೀಪದ ಬಲ್ಬು ನಮ್ಮ ಅಡುಗೆಮನೆಯ ಗೂಡಿಗೆ ಬಂತು. ಫೋನು ಚಾರ್ಜಿಗೆ ಹಾಕಲೇ ಎಂದು ಕೇಳಿದ ಪ್ರಯಾಣಿಕರನ್ನು ತಮ್ಮ ಜೇಬಿಗೆ ಕೈ ಹಾಕಿದವರ ಹಾಗೆ ನೋಡುತ್ತಿದ್ದರು. ಬ್ರೇಕ್ ಒತ್ತಿದರೆ ಹಿಂದೆ ದೀಪ ಹತ್ತುತ್ತದೆ ಎಂದು ಬ್ರೇಕನ್ನೂ ಜಿಪುಣತನದಿಂದ ಒತ್ತತೊಡಗಿದರು. ಪೆಟ್ರೋಲು ಸ್ವಲ್ಪ ಉಳಿಯಿತು ನಿಜ. ಆದರೆ ರುಚಿ ಹತ್ತಿದ ನಾಲಿಗೆ ಸುಮ್ಮನಿರುತ್ತದೆಯೇ? ಒಬ್ಬ ಎಲೆಕ್ಟ್ರಿಷಿಯನ್ನನ್ನು ಹಿಡಿದು, ಸ್ಟೇರಿಂಗಿನ ಕೆಳಗೆ ಯಾರ ಕಣ್ಣಿಗೂ ಬೀಳದ ಹಾಗೆ ಒಂದು ಸ್ವಿಚ್ಚು ಹಾಕಿಸಿಕೊಂಡರು. ಅದನ್ನು ಆಫ್ ಮಾಡಿದರೆ ಆಲ್ಟರ್ನೇಟರ್ ಸುಮ್ಮನೆ ತಿರುಗುತ್ತದೆ, ಕರೆಂಟು ಮಾಡುವುದಿಲ್ಲ, ಎಂಜಿನ್ನಿಗೆ ಭಾರವಿಲ್ಲ, ಎಂಜಿನ್ನಿನ ಕಿಡಿಗೆ, ಹಾರನ್ನಿಗೆ ಬೇಕಾದ ಕರೆಂಟೆಲ್ಲ ಬ್ಯಾಟರಿಯಿಂದಲೇ. ಬ್ಯಾಟರಿ ಹಾಳಾಗುತ್ತೆ ಸ್ವಾಮಿ ಎಂದು ಎಲೆಕ್ಟ್ರಿಷಿಯನ್ ಹೇಳಿದನಂತೆ. ಬ್ಯಾಟರಿ ಅಂಗಡಿಯವನಿಗೂ ಇವನಿಗೂ ಒಳಒಪ್ಪಂದವಿದೆ ಎಂದು ಇವರು ತೀರ್ಮಾನಿಸಿದರು. ಸ್ವಿಚ್ಚು ಆಫಾದಾಗ ಎದುರಿಗೆ ಹತ್ತುವ ಕೆಂಪು ದೀಪದ ಮೇಲೆ ಕಪ್ಪು ಟೇಪು ಅಂಟಿಸಿದರು.

ಈ ಸಂಗತಿ ಆಗ ನನಗೂ ಗೊತ್ತಿರಲಿಲ್ಲ, ತಮ್ಮನಿಗೂ ಗೊತ್ತಿರಲಿಲ್ಲ. ಇವರು ಕಾರು ಹತ್ತಿದ ಕೂಡಲೇ ಸ್ವಿಚ್ಚು ಆಫ್ ಮಾಡಿ, ಪಾಳಿ ಮುಗಿಸಿ ಬಂಕಿಗೆ ಹೋಗುವಾಗ ಆನ್ ಮಾಡಿ, ಸಾಧುವಿನ ಮುಖ ಹೊತ್ತು ಕಾರನ್ನು ತಮ್ಮನಿಗೆ ಒಪ್ಪಿಸುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಅಂದರೆ ಇದೇ.

ಈಗ ಬೆಳಗಿನ ಪಾಳಿ ಕುಡಿಯುವುದು ಇನ್ನೂ ಕಡಿಮೆಯಾಯಿತು. ಸಂಜೆಯ ಪಾಳಿ ಮಾತ್ರ ಮೊದಲಿಗಿಂತ ಜಾಸ್ತಿ ಕುಡಿಯತೊಡಗಿತು. ಅದೇ ಕಾರು, ಅದೇ ಬೀದಿ, ಹೆಚ್ಚುಕಡಿಮೆ ಅಷ್ಟೇ ದೂರ. ಇವರ ಕಿವಿ ನೆಟ್ಟಗಾದವು.

"ನಿನ್ನ ತಮ್ಮ ಪೆಟ್ರೋಲು ಎಲ್ಲಿಗೆ ಸಾಗಿಸ್ತಾನೆ?" ಎಂದು ಒಂದು ದಿನ ಕೇಳಿದರು. ನಾನು ಪರದೆ ಹೊಲಿಯುತ್ತಾ ಕುಳಿತಿದ್ದೆ. ಅದು ನನ್ನ ಕಸುಬು, ಮನೆಯ ಕಿಟಕಿ, ಆಫೀಸಿನ ಕಿಟಕಿ ಎಲ್ಲದಕ್ಕೂ ಹೊಲಿಯುತ್ತೇನೆ. ಕೈಯಲ್ಲಿ ಕತ್ತರಿ ಇತ್ತು, ಅದನ್ನು ಕೆಳಗಿಟ್ಟೇ ಉತ್ತರ ಕೊಟ್ಟೆ.

"ನನ್ನ ತಮ್ಮ ಕದಿಯೋನಲ್ಲ. ಕದಿಯೋ ಬುದ್ಧಿ ಇದ್ದಿದ್ರೆ ನಿಮ್ಮ ಜೊತೆ ಕಾರು ಕೊಳ್ತಿರಲಿಲ್ಲ."

ಅವರಿಗೆ ಸಮಾಧಾನವಾಗಲಿಲ್ಲ. ಟ್ಯಾಂಕಿನ ಮುಚ್ಚಳಕ್ಕೆ ನನ್ನದೇ ದಾರದ ಎಳೆಯೊಂದನ್ನು ಅಂಟಿಸಿ ಕಳಿಸಿ, ಅದು ಹರಿದಿದೆಯೇ ಎಂದು ಪಾಳಿಯ ನಡುವೆ ಸ್ಟ್ಯಾಂಡಿಗೆ ಹೋಗಿ ನೋಡಿದರು. ನಿಲ್ಲಿಸಿದ ಕಾರು ರಾತ್ರಿ ಕದಲುತ್ತದೆಯೇ ಎಂದು ಟೈರಿಗೆ ಸೀಮೆಸುಣ್ಣದ ಗುರುತು ಹಾಕಿದರು. ನನ್ನ ತಮ್ಮ ಕೀಲಿಕೈ ಕೊಡಲು ಬಂದಾಗ ಕೈ ಕುಲುಕುವ ನೆಪದಲ್ಲಿ ಅವನ ಬೆರಳು ಮೂಸಿದರು. ತಮ್ಮ ಮೊದಮೊದಲು ನಗುತ್ತಿದ್ದ. "ಅಕ್ಕ, ಭಾವಂಗೆ ನನ್ನ ಮೇಲೆ ಪ್ರೀತಿ ಜಾಸ್ತಿಯಾಗಿದೆ, ಕೈಗೆ ಮುತ್ತು ಕೊಡ್ತಾರೆ" ಎನ್ನುತ್ತಿದ್ದ. ದಾರ ಕಣ್ಣಿಗೆ ಬಿದ್ದ ದಿನ ನಗು ನಿಂತಿತು.

ಮಾತು ಬೆಳೆದದ್ದು ಸ್ಟ್ಯಾಂಡಿನಲ್ಲಿ, ಉಳಿದ ಡ್ರೈವರುಗಳೆಲ್ಲ ಇದ್ದಾಗ. ನಿನ್ನ ಕೈಗೆ ಬಂದ ಕೂಡಲೇ ಪೆಟ್ರೋಲು ಆವಿಯಾಗುತ್ತಾ ಎಂದು ಇವರು ಕೇಳಿದರು. ನಾನು ಕಳ್ಳನಾ ಭಾವ ಎಂದು ಅವನು ತಿರುಗಿ ಕೇಳಿದ. ಅದಕ್ಕೆ ಇವರು, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೊಳ್ತೀಯ?" ಎಂದರು. ಯಾರೋ ಕಿಸಕ್ಕೆಂದು ನಕ್ಕರಂತೆ. ಆವತ್ತಿನಿಂದ ಡಬ್ಬಿಯ ಲೆಕ್ಕ ಮುಗಿಯಿತು. ಅವರವರ ಪಾಳಿಯ ಪೆಟ್ರೋಲು ಅವರವರ ಕೈಯಿಂದ ಎಂದು ಇವರು ಹೊಸ ಕಟ್ಟಳೆ ಮಾಡಿದರು.

ಇದಾದ ಮೇಲೆ ಕಳ್ಳ ಸಿಕ್ಕಿಬಿದ್ದ ಎಂಬ ನೆಮ್ಮದಿ ಇವರಿಗೆ. ನನ್ನ ತಮ್ಮ ನಮ್ಮ ಮನೆಯೊಳಗೆ ಬರುವುದನ್ನೇ ಬಿಟ್ಟ. ಕೀಲಿಕೈಯನ್ನು ಕಿಟಕಿಯ ಸರಳಿನ ನಡುವೆ ತೂರಿಸಿ ಹೋಗಿಬಿಡುತ್ತಿದ್ದ. ಊಟಕ್ಕೆ ಬಂದಾನೆಂದು ನಾನು ಅವನ ತಟ್ಟೆ ಇಡುವುದು, ಎತ್ತುವುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ನಾಲ್ಕು ಹನಿ ಪೆಟ್ರೋಲಿಗೆ ನನಗಿದ್ದ ಒಬ್ಬನೇ ತಮ್ಮ ಕಿಟಕಿಯಾಚೆ ಉಳಿದ. ನನಗೆ ಗಂಡನ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಹೊಲಿದ ಪರದೆಗಳನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು, ಅಷ್ಟು ಸೊಟ್ಟ.

ಒಂದು ರಾತ್ರಿ ನಾನೇ ಬಾಗಿಲು ತೆರೆದು ಅವನನ್ನು ತಡೆದೆ. ಅವನು ಬರಿಗಾಲಿನಲ್ಲಿದ್ದ.

"ಚಪ್ಪಲಿ ಎಲ್ಲೋ?"

"ಬರಿಗಾಲಲ್ಲೇ ಓಡಿಸ್ತೀನಿ ಅಕ್ಕ. ಪೆಡಲ್ ಎಷ್ಟು ಒತ್ತಿದೆ ಅಂತ ಗೊತ್ತಾಗ್ಲಿ ಅಂತ. ಎಷ್ಟು ಮೆಲ್ಲಗೆ ಓಡಿಸಿದ್ರೂ ಕುಡಿಯುತ್ತೆ. ಭಾವ ಸುಳ್ಳು ಹೇಳ್ತಿಲ್ಲ, ನನ್ನ ಕಾಲೇ ಸರಿಯಿಲ್ಲ. ಮುಂದಿನ ತಿಂಗಳು ನನ್ನ ಅರ್ಧ ಅವರಿಗೇ ಬಿಟ್ಟುಬಿಡ್ತೀನಿ." ಗೋದಾಮೊಂದರಲ್ಲಿ ಕಾವಲಿನ ಕೆಲಸ ಕೇಳಿದ್ದೇನೆ ಎಂದ. ಇಷ್ಟು ಚೆನ್ನಾಗಿ ಕಾರು ಓಡಿಸುವವನು ತನ್ನ ಕಾಲನ್ನೇ ನಂಬದ ಹಾಗಾಗಿದ್ದ. ಅನುಮಾನ ಅಂಟುಜಾಡ್ಯ ಎಂದು ಆವತ್ತು ನನಗೆ ತಿಳಿಯಿತು.

ಅದೇ ವಾರ ಹೊಲಿದ ಪರದೆಗಳನ್ನು ಒಂದು ಆಫೀಸಿಗೆ ಮುಟ್ಟಿಸಬೇಕಿತ್ತು. ಬೆಳಗಿನ ಪಾಳಿಯಲ್ಲಿ ಗಂಡನ ಪಕ್ಕದಲ್ಲೇ ಕುಳಿತು ಹೊರಟೆ. ಹೊರಟ ಕೂಡಲೇ ಅವರ ಕೈ ಸ್ಟೇರಿಂಗಿನ ಕೆಳಗೆ ಹೋಯಿತು, ಟಕ್ಕೆಂದಿತು. ಕೆಲಸ ಮುಗಿದು ಮಧ್ಯಾಹ್ನ ಬಂಕಿನ ಕಡೆ ತಿರುಗುವಾಗ ಮತ್ತೆ ಟಕ್ಕೆಂದಿತು. ಇಷ್ಟು ವರ್ಷ ಇವರ ಜೊತೆ ಬಾಳಿದ ಮೇಲೆ ಅನುಮಾನಪಡುವುದು ನನಗೂ ಸ್ವಲ್ಪ ಬರುತ್ತದೆ.

"ಅದೇನು?"

"ಏನಿಲ್ಲ."

"ಏನಿಲ್ಲದ್ದು ಎರಡು ಸಲ ಟಕ್ ಅನ್ನುತ್ತಾ?"

ಮುಚ್ಚಿಡುವುದಕ್ಕಿಂತ ಹೆಮ್ಮೆ ಜಾಸ್ತಿಯಾಯಿತು. ಕಾರನ್ನು ಬದಿಗೆ ನಿಲ್ಲಿಸಿ ಎಲ್ಲ ಹೇಳಿದರು. ಕೇಳಿ ನನಗೆ ನಮ್ಮ ಮನೆಯ ನೀರು ನೆನಪಾಯಿತು. ನಮ್ಮ ಮನೆಯ ಮಹಡಿಯ ಮೇಲೆ ನೀರಿನ ತೊಟ್ಟಿ ಇದೆ. ಬೆಳಿಗ್ಗೆ ಎಲ್ಲರ ಬಟ್ಟೆ ಒಗೆದು ಅದನ್ನು ಬರಿದು ಮಾಡಿದವಳು ನಾನಾದರೆ, ಸಂಜೆ ಪಂಪು ಹಾಕುವವಳೂ ನಾನೇ. ತೊಟ್ಟಿ ತಾನಾಗಿ ತುಂಬಿದ್ದನ್ನು ನಾನು ಕಂಡಿಲ್ಲ.

"ಹಾಗಾದ್ರೆ ಬೆಳಿಗ್ಗೆಯೆಲ್ಲ ನಿಮ್ಮ ಕಾರು ಬ್ಯಾಟರಿ ತಿಂದು ಓಡುತ್ತೆ. ಅದನ್ನ ತುಂಬಿಸೋರು ಯಾರು?"

"ಅದಕ್ಕೇನು, ಸಂಜೆ ಹೇಗಿದ್ರೂ ಎಂಜಿನ್ ಓಡ್ತಿರುತ್ತಲ್ಲ. ತಾನಾಗೇ ತುಂಬುತ್ತೆ."

"ಯಾರ ಪೆಟ್ರೋಲಲ್ಲಿ?"

ಅವರು ಟೇಪಿನ ಮೇಲೆ ಬೆರಳಾಡಿಸಿದರು. ಹಿಂದಿನಿಂದ ಯಾರೋ ಹಾರನ್ ಹೊಡೆದರೂ ಕಾರು ಕದಲಲಿಲ್ಲ. ಸಂಜೆ ದೀಪದ ಭಾರ ಮೊದಲೇ ಇತ್ತು, ಅದರ ಮೇಲೆ ಬೆಳಿಗ್ಗೆ ಇವರು ಬರಿದು ಮಾಡಿದ್ದನ್ನು ತುಂಬಿಸುವ ಭಾರವೂ ತಮ್ಮನ ತಲೆಗೇ ಬೀಳುತ್ತಿತ್ತು. ಆಮೇಲೆ ಇವರಿಗೆ ಅದೂ ನಂಬಿಕೆಯಾಗಲಿಲ್ಲವೆನ್ನಿ. ತಮ್ಮನ ಪರವಾಗಿ ನಾನು ಕಟ್ಟಿದ ಕತೆ ಇರಬಹುದು ಎಂದರು. "ಒಂದು ವಾರ ಆ ಸ್ವಿಚ್ಚು ಮುಟ್ಟಬೇಡಿ, ನೋಡೋಣ" ಎಂದೆ. ಮುಟ್ಟಲಿಲ್ಲ. ಬೆಳಗಿನ ಪಾಳಿ ಜಾಸ್ತಿ ಕುಡಿಯಿತು. ಸಂಜೆಯದು ಇಳಿಯಿತು. ಇವರು ಬಂಕಿನವನನ್ನು ಬದಲಾಯಿಸಿ ನೋಡಿದರು, ಬಂಕನ್ನೇ ಬದಲಾಯಿಸಿ ನೋಡಿದರು, ಇಳಿದದ್ದು ಇಳಿದೇ ಇತ್ತು.

ವಾರದ ಕೊನೆಗೆ ನನ್ನ ತಮ್ಮ ಕಿಟಕಿಯಲ್ಲಿ ನಿಂತು, "ಅಕ್ಕ, ನನ್ನ ಕಾಲು ಸರಿಹೋಯ್ತು ಕಣೆ!" ಎಂದ. ಅವನ ಮುಖದಲ್ಲಿದ್ದ ಸಂತೋಷ ನೋಡಿ ನಾನು ಗಂಡನ ಕಡೆ ತಿರುಗಿದೆ. ಅವನು ಹೋದ ಮೇಲೆ ಇವರು ಮೆಲ್ಲಗೆ, "ಖುಷಿಯಾಗಿದ್ದಾನಲ್ಲ, ಹೀಗೇ ಬಿಟ್ಟುಬಿಡೋಣ" ಎಂದರು.

"ಎಲ್ಲಿ ಕಳ್ಳ ಅಂದ್ರೋ ಅಲ್ಲೇ ಹೋಗಿ ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ, ಇನ್ನೂ ಜೋರಾಗಿ ಹೇಳ್ತೀನಿ" ಎಂದೆ. ತಾನು ಕಳ್ಳ, ಪರರ ನಂಬ ಎಂಬ ಮಾತನ್ನೂ ಸೇರಿಸಿದೆ. ನನಗೆ ಕನಿಕರವಿರಲಿಲ್ಲ.

ಹೇಳಿದರು. ಮರುದಿನ ಮಧ್ಯಾಹ್ನ, ಸ್ಟ್ಯಾಂಡಿನಲ್ಲಿ, ನಾನು ಪಕ್ಕದಲ್ಲಿ ನಿಂತಿದ್ದಾಗ. ಸ್ವಿಚ್ಚಿನಿಂದ ಶುರು ಮಾಡಿ ಟೇಪಿನವರೆಗೆ, ಒಂದನ್ನೂ ಬಿಡದೆ ಹೇಳಿದರು. "ನಿನ್ನ ಪೆಟ್ರೋಲು ಕುಡಿದದ್ದು ನಾನೇ" ಎಂದು ಒಪ್ಪಿಕೊಂಡರು. ಇಷ್ಟು ತಿಂಗಳಲ್ಲಿ ಅವನ ಕೈಯಿಂದ ಹೋದದ್ದನ್ನೆಲ್ಲ ವಾಪಸು ಕೊಡುತ್ತೇನೆ ಎಂದರು. ಈ ಸಲ ಯಾರೂ ನಗಲಿಲ್ಲ. ತಮ್ಮ ಬಗ್ಗಿ ಸ್ಟೇರಿಂಗಿನ ಕೆಳಗೆ ಕೈಯಾಡಿಸಿ ಸ್ವಿಚ್ಚನ್ನು ಮುಟ್ಟಿ ನೋಡಿದ.

"ನನಗೂ ಹೇಳಿದ್ರೆ ಏನಾಗ್ತಿತ್ತು ಭಾವ?"

"ಹೇಳಿದ್ರೆ ನೀನೂ ಆಫ್ ಮಾಡ್ತಿದ್ದೆ ಅಂತ..."

ತಮ್ಮ ತಲೆಯಾಡಿಸಿದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಇವರು ಅವನ ಕೈ ಹಿಡಿದು, ಕಾರು ಬಿಡಬೇಡ, ಡಬ್ಬಿ ಮೊದಲಿನ ಹಾಗೇ ಇರಲಿ ಎಂದು ಬೇಡಿಕೊಂಡರು.

"ಇಲ್ಲ ಭಾವ, ಬಿಡ್ತೀನಿ. ಒಂದೇ ಕಾರಲ್ಲಿದ್ರೆ ನೀವು ಮತ್ತೆ ಅನುಮಾನ ಪಡ್ತೀರಿ. ಪಡದೆ ಇರೋದು ನಿಮ್ಮ ಕೈಲಾಗಲ್ಲ. ನನಗೆ ಅಕ್ಕನ ಮನೆ ಬೇಕು. ಕಾರು ಬಿಟ್ರೆ ಅದಾದ್ರೂ ಉಳಿಯುತ್ತೆ."

ಅಂದು ಊಟಕ್ಕೆ ಅವನು ಮನೆಯೊಳಗೆ ಬಂದ. ಹೊಟ್ಟೆ ತುಂಬ ಉಂಡ, ಸ್ಟ್ಯಾಂಡಿನವರ ಕತೆ ಹೇಳಿ ನನ್ನನ್ನು ನಗಿಸಿದ, ನಾಳೆಯಿಂದ ಗೋದಾಮಿಗೆ ಹೋಗುವುದಾಗಿ ಹೇಳಿ ಎದ್ದ. ಇವರು ಬಾಗಿಲವರೆಗೂ ಹೋಗಿ ಬೀಳ್ಕೊಟ್ಟರು. ತಿರುಗಿ ಬಂದು ಕುರ್ಚಿಯ ಮೇಲೆ ಕುಳಿತು ಗೋಡೆ ನೋಡಿದರು.

"ಅಲ್ಲ ಕಣೆ, ಅರ್ಧ ಕಾರನ್ನ ಇಷ್ಟು ಸುಲಭವಾಗಿ ಬಿಟ್ಟುಕೊಟ್ಟನಲ್ಲ, ಆ ಗೋದಾಮಲ್ಲಿ ಏನಾದ್ರೂ..."

ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ನನ್ನ ತಮ್ಮ ಕಾರು ಬಿಟ್ಟದ್ದೇ ಸರಿ ಎಂದು ತಿಳಿದು, ಅವನ ತಟ್ಟೆ ತೊಳೆಯುತ್ತಾ ಅತ್ತುಬಿಟ್ಟೆ.