ಟಿಕೆಟ್ ಕಿಟಕಿಯ ಮೈಲಾರಪ್ಪನವರು

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯ ಮನರಂಜನಾ ಪಾರ್ಕಿನಲ್ಲಿ ಟಿಕೆಟ್ ಕೊಡುವ ಮೈಲಾರಪ್ಪನವರು ವ್ಯಾಪಾರಕ್ಕೆ ಒಗ್ಗುವ ಮನುಷ್ಯರಲ್ಲ. ಬೇಸಿಗೆ ರಜೆ ಮುಗಿದು ಜನ ಕಡಿಮೆಯಾದರೆ ಅಲ್ಲಿ ಅರ್ಧ ಆಟಗಳು ನಿಲ್ಲುತ್ತವೆ. ದರ ಮಾತ್ರ ಅದೇ ನಾನೂರು. ಆಗ ಇವರು ದುಡ್ಡು ಮುಟ್ಟುವ ಮೊದಲೇ ಕಿಟಕಿಯಿಂದ ಕತ್ತು ಚಾಚಿ, "ನೀರಿನ ಆಟ ಬಂದ್ ಐತ್ರಿ, ರೈಲೂ ಬಂದ್ ಐತಿ. ವಿಚಾರ ಮಾಡಿ ತಗೋರಿ," ಎನ್ನುತ್ತಾರೆ. ಎಷ್ಟೋ ಕಾರುಗಳು ಹಾಗೆಯೇ ತಿರುಗಿ ಹೋಗಿವೆ. "ಟಿಕೆಟ್ ಮಾರಾಕ ಕುಂತೀರೋ, ಮಂದೀನ ವಾಪಸ್ ಕಳಸಾಕೋ?" ಎಂದು ಮ್ಯಾನೇಜರ್ ರೇಗಿದರೆ, "ಮೋಸ ಹೋದ್ವಿ ಅಂದಾಗ ಅವರಿಗೆ ನನ್ನ ಮುಖಾನ ನೆನಪಾಗ್ತೈತ್ರಿ ಸಾರ್," ಎಂದು ತಲೆ ತಗ್ಗಿಸುತ್ತಾರೆ. ಕಳೆದ ಜುಲೈನ ಒಂದು ಭಾನುವಾರ ತೆಕ್ಕಲಕೋಟೆಯ ಕೂಲಿ ಹೆಂಗಸು ಮಾರೆಮ್ಮ ತನ್ನ ಪುಟ್ಟ ಮಗಳೊಂದಿಗೆ ಬಂದಾಗಲೂ, "ದೊಡ್ಡ ತೊಟ್ಟಿಲು ಸೈತ ಹತ್ತು ಮಂದಿ ಇಲ್ಲದ ತಿರುಗಂಗಿಲ್ಲಮ್ಮ. ಬ್ಯಾಸಗಿ ರಜಾದಾಗ ಬಾ," ಎಂದರು. "ಆಗ ಭತ್ತದ ಕೊಯ್ಲು ಇರ್ತೈತಣ್ಣ. ಕಾಲುವಿಗೆ ನೀರು ಬಿಟ್ರ ನಾಟಿ ಶುರು. ನಮಗ ಬಿಡುವು ಸಿಗೋದು ಈಗಷ್ಟ," ಎಂದಳು ಮಾರೆಮ್ಮ. ಮೈಲಾರಪ್ಪನವರು ಎರಡು ಟಿಕೆಟ್ ಹರಿದುಕೊಟ್ಟು, ಕಿಟಕಿ ಮುಚ್ಚಿ, ಕಸ ಗುಡಿಸುವವರನ್ನೂ ಕಾವಲಿನವರನ್ನೂ ಕ್ಯಾಂಟೀನಿನವರನ್ನೂ ಕರೆದು ತೊಟ್ಟಿಲಿಗೆ ಹತ್ತಿಸಿದರು. ತಾಯಿ ಮಗಳೂ ಸೇರಿ ಒಂಬತ್ತು ಜನರಾದರು. ಹತ್ತನೆಯವರಾಗಿ ತಾವೇ ಹತ್ತಿ ಕುಳಿತರು. ಮ್ಯಾನೇಜರ್ ಓಡಿಬರುವಷ್ಟರಲ್ಲಿ ತೊಟ್ಟಿಲು ಮೇಲೇರಿತ್ತು. ತುದಿಯಲ್ಲಿ ಹುಡುಗಿ, "ಅವ್ವಾ, ನೀ ದುಡಿಯೋ ಗದ್ದಿ ಯಾವ ಕಡಿ ಐತಿ?" ಎಂದು ಕೇಳಿದಳು. "ಇವತ್ತು ಅತ್ತಾಗ ನೋಡಬ್ಯಾಡ ಬಿಡು," ಎಂದು ಮಾರೆಮ್ಮ ಅವಳನ್ನು ಅಪ್ಪಿಕೊಂಡಳು.