ಅತ್ತೆ ಕೊಟ್ಟ ಸುಡುಮಣ್ಣು

ಮಿಮಿಕ್ರಿ ಮಾಡುವ ನನ್ನ ಗಂಟಲಲ್ಲಿ ಬಾಡಿಗೆಗೆ ಇರುವವರು ಬಹಳ ಜನ. ಮಾಣಿ ಊರಿಗೆ ಹೋಗುವ ಬಸ್ಸಿನ ಕಂಡಕ್ಟರು, ಹಾಸ್ಟೆಲಿನ ಅಡುಗೆ ಭಟ್ಟರು, ಎಲ್ಲರಿಗಿಂತ ಹೆಚ್ಚಾಗಿ ನಮ್ಮ ಗೈಡ್ ಮೇಡಂ. ಮೂಡುಬಿದಿರೆ ಹತ್ತಿರದ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿಯ ಕೊನೆಯ ಸೆಮಿಸ್ಟರಿನಲ್ಲಿ ಅವರು ನನ್ನನ್ನು ಲ್ಯಾಬಿಗೆ ಕರೆದರು.

"ನನ್ನ ಸ್ವರದಲ್ಲಿ ಒಂದು ಮಾತು ಹೇಳಿ ನೋಡುವ, ಹೀಗೆ: ಈ ತಿಂಗಳ ಕೊನೆಯೊಳಗೆ ಒಂದು ಉಂಗುರವಾದರೂ ತೋರಿಸದಿದ್ದರೆ ನಿಮ್ಮ ಪ್ರಯೋಗ ನಿಲ್ಲಿಸ್ತೇನೆ. ಲೈಬ್ರರಿಯಲ್ಲಿ ಕೂತು ಬೇರೆಯವರ ಸಂಶೋಧನೆಯ ಬಗ್ಗೆ ಬರೆಯಿರಿ."

ಹೇಳಿದೆ. ಮೂಗಿನಿಂದ ಹೊರಡುವ ಅವರ 'ನಿಲ್ಲಿಸ್ತೇನೆ' ಕೂಡ ಸರಿಯಾಗಿ ಬಂತು. ಮೇಡಂ ನಕ್ಕರು. ಆದರೆ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಉಂಗುರ ಎಂದರೆ ಬಂಗಾರದ್ದಲ್ಲ. ಮಣ್ಣನ್ನು ನೀರಿನಲ್ಲಿ ಕದಡಿ, ಮತ್ತೆ ಮತ್ತೆ ತೆಳುಮಾಡಿ, ಅಗಾರ್ ಎಂಬ ಜೆಲ್ಲಿ ಹಾಕಿದ ಗಾಜಿನ ತಟ್ಟೆಯ ಮೇಲೆ ಸವರಿದರೆ ಮಣ್ಣಿನ ಬ್ಯಾಕ್ಟೀರಿಯಾಗಳು ಚುಕ್ಕೆ ಚುಕ್ಕೆಯಾಗಿ ಬೆಳೆಯುತ್ತವೆ. ರೋಗ ತರುವ ಜಾತಿಯ ಬ್ಯಾಕ್ಟೀರಿಯಾ ಹಾಸಿದ ಇನ್ನೊಂದು ತಟ್ಟೆಯಲ್ಲಿ ಆ ಚುಕ್ಕೆಗಳನ್ನು ಇಟ್ಟು ಕಾಯಬೇಕು. ಯಾವುದಾದರೂ ಚುಕ್ಕೆ ಆ್ಯಂಟಿಬಯಾಟಿಕ್ ಬಿಡುವಂಥದ್ದಾಗಿದ್ದರೆ ಅದರ ಸುತ್ತ ಏನೂ ಬೆಳೆಯದೆ ಒಂದು ತಿಳಿ ಉಂಗುರ ಮೂಡುತ್ತದೆ. ನನ್ನ ತಟ್ಟೆಗಳಲ್ಲಿ ಮೂಡುತ್ತಿರಲಿಲ್ಲ.

ಲೈಬ್ರರಿ ಕೆಲಸವೇನೂ ಕೀಳಲ್ಲ. ಬೇರೆಯವರು ಹೇಳಿದ್ದನ್ನೇ ಮತ್ತೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಕಾಲೇಜಿನಲ್ಲಿ ಯಾರಿದ್ದರು? ಅದೇ ನನಗೆ ಬೇಡವಾಗಿತ್ತು. ಚಿಕ್ಕಂದಿನಿಂದ ಚಪ್ಪಾಳೆ ಸಿಕ್ಕಿದ್ದೆಲ್ಲ ಬೇರೆಯವರ ಸ್ವರಕ್ಕೆ. ಇದೊಂದಾದರೂ ನನ್ನದಾಗಲಿ ಎಂಬ ಹಟ ಹಿಡಿದಿತ್ತು. ಕೂತರೆ ಕಾಲು ಅಲುಗುತ್ತಿತ್ತು, ನಿಂತರೆ ಬೆರಳು ಮೇಜು ಬಡಿಯುತ್ತಿತ್ತು.

ಚಾರ್ಮಾಡಿ ಘಾಟಿಯ ಬುಡದಿಂದ ಮಣ್ಣು ತಂದೆ. ಬಂಟ್ವಾಳದಲ್ಲಿ ನೇತ್ರಾವತಿಯ ದಂಡೆಯಿಂದ ತಂದೆ. ಎರಡರಲ್ಲೂ ಬೇಗ ಬೆಳೆಯುವ ಬ್ಯಾಕ್ಟೀರಿಯಾಗಳು ಗಂಜಿಯ ಕೆನೆಯ ಹಾಗೆ ತಟ್ಟೆ ತುಂಬ ಹರಡಿದವು. ಉಳಿದ ಜಾಗಕ್ಕೆ ಬೂಷ್ಟು ಬಂತು. ನಿಧಾನ ಬೆಳೆಯುವವಕ್ಕೆ ಕಾಲಿಡಲಿಕ್ಕೂ ಎಡೆ ಇಲ್ಲ.

"ನಿನ್ನ ತಟ್ಟೆ ನೋಡಿದ್ರೆ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡ್ ನೆನಪಾಗ್ತದೆ ಮಾರಾಯ," ಎಂದ ಪಕ್ಕದ ಮೇಜಿನ ಗೆಳೆಯ. ಅವನ ತಟ್ಟೆಯಲ್ಲಿ ಎರಡು ಉಂಗುರ ಆಗಲೇ ಬಂದಿದ್ದವು. "ಇನ್ಕ್ಯುಬೇಟರ್ ಬಾಗಿಲು ತೆಗೀಬೇಡ. ನೀನು ಇಣುಕಿ ಇಣುಕಿ ಅವಕ್ಕೂ ತಲೆಬಿಸಿ ಆಗಿದೆ."

ಕೊನೆಗೆ ಮಾಣಿಯ ಅತ್ತೆ ನೆನಪಾದರು. ಅಪ್ಪನ ತಂಗಿ. ಮನೆಯೆದುರು ಮಲ್ಲಿಗೆ ಬೆಳೆಯುತ್ತಾರೆ. "ಮಲ್ಲಿಗೆ ಬುಡದ ಮಣ್ಣು ಸ್ವಲ್ಪ ಬೇಕು ಅತ್ತೆ, ಕಾಲೇಜಿಗೆ," ಎಂದು ಫೋನ್ ಮಾಡಿದೆ. ಭಾನುವಾರ ಬಸ್ಸಿಳಿದಾಗ ಅವರು ಬಟ್ಟೆ ಸುತ್ತಿದ ಡಬ್ಬ ಹಿಡಿದು ಸ್ಟಾಪಿನಲ್ಲೇ ನಿಂತಿದ್ದರು. ಮದುವೆ ಮನೆಗೆ ತಿಂಡಿ ಕಳಿಸುವ ಹಾಗೆ. ನಾನು ಅದೇ ಬಸ್ಸು ತಿರುಗಿ ಬರುವಾಗ ಹತ್ತಿದೆ.

ಲ್ಯಾಬಿನಲ್ಲಿ ಮುಚ್ಚಳ ತೆಗೆದರೆ ಹೊಗೆಯ ವಾಸನೆ. ಮಣ್ಣು ಹಿಟ್ಟಿನಷ್ಟು ನಯ, ಬಣ್ಣ ಬೂದಿಗೆಂಪು. ಫೋನ್ ಮಾಡಿದೆ.

"ಅತ್ತೇ, ಇದು ಬುಡದ ಮಣ್ಣಾ?"

"ಬುಡದ್ದು ಹೇಗೆ ಕೊಡುವುದು? ಅದರಲ್ಲಿ ಸೆಗಣಿ ಉಂಟು, ಎರೆಹುಳ ಉಂಟು. ಕಾಲೇಜಿನವರು ಏನು ಹೇಳಿಯಾರು? ಸುಡುಮಣ್ಣು ಕೊಟ್ಟಿದ್ದೇನೆ. ಜರಡಿ ಹಿಡಿದು, ಮಸಿಯ ತುಂಡು ಹೆಕ್ಕಿ."

ಸುಡುಮಣ್ಣು ನಮ್ಮ ಕಡೆ ಗಿಡದ ಗುಂಡಿಗೆ ಹಾಕುವ ಮಣ್ಣು. ಒಣಗಿದ ಸೊಪ್ಪು, ಕಸಕಡ್ಡಿಯ ಮೇಲೆ ಮಣ್ಣು ಪೇರಿಸಿ ಒಳಗಿನಿಂದ ಬೆಂಕಿ ಕೊಟ್ಟು ನಿಧಾನವಾಗಿ ಸುಡುತ್ತಾರೆ. ಜೀವ ಹುಡುಕುವವನಿಗೆ ಅತ್ತೆ ಮರ್ಯಾದೆಯಿಂದ ಸುಟ್ಟು ಕೊಟ್ಟಿದ್ದರು!

"ಅದರಲ್ಲಿರುವ ಜೀವಾಣು ಎಲ್ಲ ಸತ್ತಿರ್ತವೆ ಅತ್ತೆ!"

"ಸಾಯ್ಲಿ ಅಂತಲೇ ಅಲ್ವಾ ಸುಡುವುದು? ಮೊದಲೇ ಹೇಳ್ಬೇಕಿತ್ತು, ನಿಂಗೆ ಹುಳ ಬೇಕು ಅಂತ."

ತಿಂಗಳು ಮುಗಿಯುತ್ತಾ ಬಂದಿತ್ತು. ಇನ್ನೊಮ್ಮೆ ಮಾಣಿಗೆ ಹೋಗಿ ಬಂದು ಮಣ್ಣು ಹಾಕಿದರೆ ಅದು ಬೆಳೆಯುವಷ್ಟರಲ್ಲಿ ಗಡುವು ದಾಟುತ್ತಿತ್ತು. ಬೇರೆ ದಾರಿಯಿಲ್ಲದೆ ಸುಟ್ಟದ್ದನ್ನೇ ಕದಡಿ ಸವರಿದೆ. ಗೆಳೆಯನಿಗೆ ಹೇಳಲಿಲ್ಲ. ಹೇಳಿದ್ದರೆ 'ಶ್ರಾದ್ಧ ಯಾವಾಗ?' ಎಂದು ಕೇಳುತ್ತಿದ್ದ. ಅವನ ಜಾಗದಲ್ಲಿ ನಾನಿದ್ದರೆ ಕೇಳುತ್ತಿದ್ದೆ.

ಮೊದಲ ಕೆಲವು ದಿನ ತಟ್ಟೆ ಬರಿದು. ಲೈಬ್ರರಿಯಲ್ಲಿ ಯಾವ ಕುರ್ಚಿಗೆ ಫ್ಯಾನ್ ಗಾಳಿ ಬರುತ್ತದೆ ಎಂದು ನೋಡಿಟ್ಟು ಬಂದೆ. ಆಮೇಲೊಂದು ಬೆಳಗ್ಗೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಒಣಗಿದ, ಸುಣ್ಣದ ಪುಡಿ ಉದುರಿಸಿದಂಥ ಚುಕ್ಕೆ. ಮೂಗು ಹತ್ತಿರ ತಂದರೆ ಮೊದಲ ಮಳೆ ಬಿದ್ದ ನೆಲದ ವಾಸನೆ. ಅವನ್ನು ಎತ್ತಿ ಪರೀಕ್ಷೆಯ ತಟ್ಟೆಗೆ ಇಟ್ಟೆ. ಮರುದಿನ ಲ್ಯಾಬ್ ತೆರೆಯುವ ಮೊದಲೇ ಬಾಗಿಲಲ್ಲಿದ್ದೆ.

ಒಂದರ ಸುತ್ತ ಉಂಗುರ.

ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದರು. ಎಲ್ಲಿಯ ಮಣ್ಣು ಎಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ. "ಬಿಸಿಗೆ ಮೆತ್ತಗಿನವೆಲ್ಲ ಸತ್ತಿವೆ. ಬೀಜಕದ ಗಟ್ಟಿ ಕವಚ ಕಟ್ಟಿಕೊಂಡು ಕೂತವು ಉಳಿದಿವೆ. ಜಾಗ ಸಿಕ್ಕಿದ ಮೇಲೆ ಎದ್ದಿವೆ. ನಾವೂ ಕೆಲವೊಮ್ಮೆ ಬೇಕೆಂದೇ ಮಣ್ಣನ್ನು ಬಿಸಿ ಮಾಡ್ತೇವೆ. ನಿಮ್ಮ ಅತ್ತೆ ಸ್ವಲ್ಪ ಜಾಸ್ತಿ ಮಾಡಿದ್ದಾರೆ, ಅಷ್ಟೆ."

"ಹಾಗಾದ್ರೆ ಲೈಬ್ರರಿ?"

"ಬೇಡ. ಪ್ರಯೋಗ ಮುಂದುವರಿಸಿ." ನಾನು ಹಾರುವ ಮೊದಲೇ ಅವರು ಕೈ ಎತ್ತಿದರು. "ಇದು ಹೊಸದು ಅಂತ ತಿಳೀಬೇಡಿ. ಹೆಚ್ಚಾಗಿ ಹಳೇ ಔಷಧಿಯೇ ಮತ್ತೆ ಸಿಗುವುದು. ಯಾರೋ ಎಂದೋ ಕಂಡುಹಿಡಿದದ್ದನ್ನೇ ಇದೂ ಮಾಡ್ತಿರಬಹುದು."

ಅಂದರೆ ನನ್ನ ಬ್ಯಾಕ್ಟೀರಿಯಾ ಕೂಡ ಮಿಮಿಕ್ರಿ ಕಲಾವಿದನೋ ಏನೋ! ಒಬ್ಬನೇ ನಕ್ಕೆ. ನಗು ಅರ್ಧಕ್ಕೇ ನಿಂತಿತು.

ಸಂಜೆ ಅತ್ತೆಗೆ ಫೋನ್ ಮಾಡಿದೆ.

"ಮದ್ದು ಸಿಕ್ಕಿತಾ?"

"ಮದ್ದಲ್ಲ. ಒಂದು ಉಂಗುರ. ಹೊಸದಾ ಹಳೆಯದಾ ಗೊತ್ತಿಲ್ಲ."

"ಗೊತ್ತಾಗ್ಲಿಕ್ಕೆ ಎಷ್ಟು ಸಮಯ ಬೇಕು?"

"ಅದೂ ಗೊತ್ತಿಲ್ಲ."

"ಮತ್ತೆ ಇಷ್ಟು ಜೋರು ಯಾಕೆ ಮಾತಾಡ್ತಿ? ಯಾರ ಸ್ವರ ಇದು?"

ಮರುದಿನ ಹಾಕಬೇಕಾದ ತಟ್ಟೆಗಳಿಗೆ ಅಗಾರ್ ಕುದಿಸುವುದಿದೆ ಎಂದು ಹೇಳಿ ಫೋನಿಟ್ಟೆ. ಅಗಾರ್ ಇನ್ನೂ ತೂಕ ಕೂಡ ಮಾಡಿರಲಿಲ್ಲ. ಲ್ಯಾಬಿನ ಕಡೆ ನಡೆದೆ. ಗೇಟು ದಾಟಿದ ಮೇಲೆ ಗೊತ್ತಾಯಿತು, ಓಡುತ್ತಿದ್ದೆ.