ಸ್ಟೋರಿನ ಅಣ್ಣ ತಂದ ಕೊನೆಯ ಪಂಪು

ಇವತ್ತು ಬ್ಯಾಡಗಿಯಿಂದ ಒಂದು ಬ್ಯಾರಲ್ ಪಂಪು ರಿಪೇರಿಗೆ ಬಂತು. ಗೋಣಿಚೀಲ ಬಿಚ್ಚುತ್ತಲೇ ಮೆಣಸಿನಕಾಯಿ ಎಣ್ಣೆಯ ಘಾಟು ಅಂಗಡಿ ತುಂಬಿತು. ಸೀನಿದೆ. ಸ್ಟೋರಿನ ಅಣ್ಣ ನೆನಪಾದರು...

ರಾಣೇಬೆನ್ನೂರಿನಲ್ಲಿ ನನ್ನದು ಪಂಪು ರಿಪೇರಿ ಅಂಗಡಿ. ಬ್ಯಾರಲ್ ಪಂಪು ಎಂದರೆ ಉದ್ದನೆಯ ಕೊಳವೆ, ಮೇಲೊಂದು ಮೋಟರು. ಬ್ಯಾರಲ್ಲಿಗೆ ಇಳಿಸಿದರೆ ಒಳಗಿದ್ದದ್ದನ್ನು ಎತ್ತಿ ಹೊರಗೆ ಹಾಕುತ್ತದೆ. ಯಾವ ಪಂಪು ಬಂದರೂ ಬಿಚ್ಚುವ ಮೊದಲು "ಇದ್ರಾಗ ಏನ್ ಎತ್ತೀರಿ?" ಎಂದು ಕೇಳುವುದು ನಮ್ಮ ಕಸುಬಿನ ರೂಢಿ. ಆ ಉತ್ತರ ನಂಬಿಯೇ ಕೈ ಹಾಕುತ್ತೇವೆ.

ಸ್ಟೋರಿನ ಅಣ್ಣ ಬ್ಯಾಡಗಿಯ ಮೆಣಸಿನಕಾಯಿ ಎಣ್ಣೆ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಪಂಪನ್ನು ತೊಳೆದು ಒರೆಸಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತರುತ್ತಿದ್ದರು.

"ಏನ್ ಡಾಕ್ಟರ, ಪೇಶಂಟ್ ತಂದೇನಿ. ಗುರ್ ಗುರ್ ಅಂತೈತಿ, ಎತ್ತಾಕ ಶಕ್ತಿ ಇಲ್ಲ."

"ನಿಮ್ಮಂಗ ಆಗೇತಿ ಬಿಡ್ರಿ ಅಣ್ಣಾರ."

ನನ್ನ ಹೆಂಡತಿಯನ್ನು ತಂಗೆವ್ವ ಎನ್ನುತ್ತಿದ್ದರು. ಪಂಚಮಿಗೆ ಅವಳು ಅವರಿಗೆಂದೇ ಉಂಡಿ ಕಟ್ಟಿ ಇಡುತ್ತಿದ್ದಳು.

ಆಮೇಲೆ ಅವರು ನಮ್ಮೂರ ಹತ್ತಿ ಬೀಜದ ಕಾರ್ಖಾನೆಗೆ ಸೇರಿದರು. ಅಲ್ಲಿ ಬೀಜಕ್ಕಂಟಿದ ನವಿರು ಸುಡಲು ಆಸಿಡ್ ಬಳಸುತ್ತಾರೆ. ಸೇರಿದ ಸ್ವಲ್ಪ ದಿನಕ್ಕೆ ಒಂದು ಪಂಪು ತಂದರು. ಮೋಟರು ತಿರುಗುತ್ತಿತ್ತು, ಪಂಪು ಎತ್ತುತ್ತಿರಲಿಲ್ಲ. ಎಂದಿನಂತೆ ಕೇಳಿದೆ.

"ಎಣ್ಣಿ, ಮತ್ತೇನ. ಲಗೂ ಮಾಡಿಕೊಡು ತಮ್ಮಾ, ಮಾಲಕರು ಬರೂದ್ರಾಗ ಇದು ಜಾಗದಾಗ ಇರಬೇಕು."

ಕೊಳವೆ ಬಿಚ್ಚಿ ಬಗ್ಗಿಸಿದೆ. ಉಳಿದದ್ದು ಎಣ್ಣೆಯಂತೆಯೇ ದಪ್ಪಗೆ, ವಾಸನೆಯಿಲ್ಲದೆ ಇಳಿಯಿತು. ರಬ್ಬರಿನ ಸೀಲು ಮಾತ್ರ ಕಪ್ಪು ಪಾಕವಾಗಿತ್ತು. ಎಣ್ಣೆಗೆ ಹೀಗಾಗುವುದಿಲ್ಲವಲ್ಲ ಎಂದು ಮುಖ ಹತ್ತಿರ ಒಯ್ದು ಕಿತ್ತೆ. ಹನಿ ಸಿಡಿಯಿತು. ಉರಿ ತಿಳಿದು ನಾನು ಬಾಯಿ ತೆರೆಯುವ ಮೊದಲೇ ಅವರು ಕುಡಿಯುವ ನೀರಿನ ಕೊಡ ಎತ್ತಿ ನನ್ನ ಮುಖಕ್ಕೆ ಸುರಿಯುತ್ತಿದ್ದರು. "ಕಣ್ಣ ತಗಿ ತಮ್ಮಾ, ಕಣ್ಣ ತಗಿ..."

ಎಣ್ಣೆ ಸಿಡಿದರೆ ಯಾರೂ ಹಾಗೆ ನೀರಿಗೆ ಓಡುವುದಿಲ್ಲ. ಅದು ನನಗೆ ಹೊಳೆದದ್ದು ಹಾವೇರಿಯ ಆಸ್ಪತ್ರೆಯಲ್ಲಿ, ಏನು ಬಿದ್ದಿದೆ ಎಂದು ಡಾಕ್ಟರು ಕೇಳಿದಾಗ. ಪಂಪು ನೋಡಿ ಹೇಳಿರೆಂದು ಪಕ್ಕದಂಗಡಿಯವರಿಗೆ ಫೋನು ಮಾಡಿದರೆ ಅಂಗಡಿಯಲ್ಲಿ ಪಂಪೇ ಇರಲಿಲ್ಲ, ಅವರು ಒಯ್ದಿದ್ದರು. ಹೆಂಡತಿ ಅವರಿಗೇ ಫೋನು ಹಚ್ಚಿದಳು.

"ಎಣ್ಣಿ ತಂಗೆವ್ವಾ, ಬರೇ ಎಣ್ಣಿ."

ಡಾಕ್ಟರು ನಂಬಲಿಲ್ಲ, ತೊಳೆಯುತ್ತಲೇ ಇದ್ದರು. ಮಶೀನಿನ ಎಣ್ಣೆ ಎತ್ತುವ ಪಂಪನ್ನು ತಪ್ಪಿ ಆಸಿಡ್ಡಿಗೆ ಇಳಿಸಿದವರು ಸ್ಟೋರಿನ ಅಣ್ಣನೇ ಎಂದು ಆ ಕಾರ್ಖಾನೆಯ ಹಮಾಲರು ಆಮೇಲೆ ಹೇಳಿದರು. ಹೊಸ ನೌಕರಿ ಹೋದೀತೆಂಬ ಹೆದರಿಕೆ. ನೌಕರಿ ಉಳಿಯಿತು. ನನ್ನ ಬಲಗಣ್ಣು ಹೋಯಿತು.

ಅವರು ಮತ್ತೆ ಅಂಗಡಿಗೆ ಬರಲಿಲ್ಲ. ಒಮ್ಮೆ ದೇವರಗುಡ್ಡದ ರಸ್ತೆಯಲ್ಲಿ ನನ್ನನ್ನು ಕಂಡು ಚಹಾದಂಗಡಿ ಹೊಕ್ಕರು. ಹೊರಗೆ ನಿಂತು ಕಾದೆ. ಜಗಳಕ್ಕಲ್ಲ. "ಆಸಿಡ್ ಇತ್ತು ತಮ್ಮಾ" ಎಂದರೆ ಸಾಕಿತ್ತು... ಅವರು ಹಿಂದಿನ ಬಾಗಿಲಿನಿಂದ ಹೋಗಿದ್ದರು.

ಈ ಮಳೆಗಾಲದಲ್ಲಿ ತೀರಿಕೊಂಡರು. ನಾನು ಹೋಗಲಿಲ್ಲ. ಹೆಂಡತಿ ಹೋಗಿಬಂದಳು.

"ವೈನಿ ಏನಂದ್ರು?" ಎಂದು ಅಣ್ಣನ ಹೆಂಡತಿಯ ಬಗ್ಗೆ ಕೇಳಿದೆ.

"ನಿಮ್ಮ ಕಣ್ಣಿನ ಸುದ್ದಿ ಕೇಳಿದ್ರು. ಎಣ್ಣಿ ಸಿಡಿದು ಹಿಂಗಾತಂತಲ್ಲ, ಪಾಪ, ಅಂದ್ರು."

"ನೀ ಏನಂದಿ?"

"ಹೂಂ ಅಂದ್ನಿ. ಮಣ್ಣು ಮಾಡಿ ಬಂದ ಮನ್ಯಾಗ ಮತ್ತೇನ್ ಅನ್ಲಿ."

ಕಟ್ಟಿಕೊಂಡವಳಿಗೂ ಅವರು ಹೇಳಿರಲಿಲ್ಲ. ಇನ್ನು ಆ ಒಂದು ಮಾತನ್ನು ನಾನು ಯಾರ ಬಾಯಿಂದ ಕೇಳಲಿ...